ಕಡಲಿಯೊಳಗಿನ ಮಣ್ಣಿನ ಹೆಂಟಿಗೆ ಯಾವ ಮಷಿನ್? ಕಲ್ಲು ತೆಗಿಯೋ ಡಿಸ್ಟೋನರ್ ತಗೊಂಡ್ರ ಸಾಕೇನು?

ಎರಿಹೊಲ ಕುಷ್ಟಗಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಕುಷ್ಟಗಿ ತಾಲೂಕು, ಹನುಮಸಾಗರದ ಕಡೆ. ಎಲ್ಲಾ ಎರಿ ಹೊಲ, ಮಳಿ ನಂಬಿದ ಬ್ಯಾಸಾಯ. ಹಿಂಗಾರಿಗೆ ಕಡಲಿ, ಬಿಳಿಜ್ವಾಳ. ಮುಂಗಾರಿಗೆ ಹೆಸರು, ತೊಗರಿ, ಒಂದೀಟು ನವಣಿ.

2025ರ ಹಿಂಗಾರಿ ಖರೀದಿಗೆ ಕಡಲಿ ಬೆಂಬಲ ಬೆಲೆ 5,650 ಇತ್ತಲ್ಲ, ಅದಕ್ಕಂತ ಟ್ರ್ಯಾಕ್ಟರ್ ಬಾಡಿಗಿ ಹಿಡದು ಖರೀದಿ ಕೇಂದ್ರಕ್ಕ ಒಯ್ದಿದ್ವಿ. ಚೀಲಕ್ಕ ಕೊಳವಿ ಚುಚ್ಚಿ ಒಂದು ಹಿಡಿ ತೆಗೆದು ನೋಡಿ, "ಮಣ್ಣು ಭಾಳ ಐತಿ, ಹಸನ ಮಾಡ್ಕೊಂಡು ಬರ್ರಿ" ಅಂತ ಹೊಳ್ಳಿ ಕಳಿಸಿದ್ರು. ವಾಪಸ್ ತರೋದಕ್ಕೂ ಬಾಡಿಗಿ. ಕಡೀಗೆ ಅಡತಿ ಅಂಗಡಿಗೆ ಹಾಕಿದ್ವಿ, ಅಲ್ಲಿ ಕ್ವಿಂಟಲ್‌ಗೆ 300 ಕಡಿಮಿ ಹಿಡಿದ್ರು.

ತೊಂದ್ರಿ ಎಲ್ಲಿ ಐತಿ ಅಂದ್ರ, ಹೊಟ್ಟು, ಕಡ್ಡಿ ರಾಶಿ ಮಷಿನ್ನಿನ್ಯಾಗ ಹೋಗಿಬಿಡ್ತಾವು. ಉಳಿಯೋದು ಹೆಂಟಿ. ಕಡಲಿಕಾಳಿನಷ್ಟ ದಪ್ಪ, ಅದಕ್ಕ ಸನೇದ ಬಣ್ಣ, ಒಣಗಿ ಎಷ್ಟು ಗಟ್ಟಿ ಅಂದ್ರ ಎರಡು ಬಟ್ಟಿನ ನಡುವ ಒತ್ತಿದ್ರ ಪುಡಿ ಆಗೂದಿಲ್ಲ. ಸಾಣಿಗಿ ಹಿಡಿದ್ರ ಕಾಳಿನ ಕೂಡ ಮ್ಯಾಲ ಉಳಿತಾವು, ಇಲ್ಲಾಂದ್ರ ಕಾಳಿನ ಕೂಡ ಕೆಳಗ ಬೀಳ್ತಾವು. ಗಾಳಿಗಂತೂ ಹಾರೂದಿಲ್ಲ.

ನಾವು ಹನ್ನೆರಡು ಮನಿಯವರು ಕೂಡಿ ಒಂದು ಮಷಿನ್ ತರೋಣ ಅಂತ ಮಾತಾಡೇವಿ. ಒಬ್ಬ ಡೀಲರ್ "ಕ್ಲೀನರ್, ಗ್ರೇಡರ್, ಡಿಸ್ಟೋನರ್ ಮೂರೂ ಒಂದರಾಗ ಐತಿ, ಎಲ್ಲಾ ಬೆಳಿಗೂ ನಡಿತೈತಿ" ಅಂದ. ಓಡಿಸಿನೂ ತೋರಿಸಿದ. ಆದ್ರ ಅಂವ ಹಾಕಿದ್ದು ಅಂಗಡಿಯಿಂದ ತಂದ ಗೋಧಿ, ಅದಕ್ಕ ಒಂದು ಹಿಡಿ ಹರಳು ಕಲಸಿದ್ದ. ಹರಳು ಒಂದ ಕಡೆ, ಗೋಧಿ ಒಂದ ಕಡೆ ಬಂತು. ನೋಡಾಕ ಭಾಳ ಛಲೋ ಇತ್ತು. ಅಡ್ವಾನ್ಸ್ ಕೇಳಾಕ್ಹತ್ಯಾನ.

ಕೇಳೂದು ಇಷ್ಟ: ಡಿಸ್ಟೋನರ್ ಹೆಂಟಿ ತೆಗಿತೈತೇನು? ಒಂದ ಮಷಿನ್ನಿನ್ಯಾಗ ಕಡಲಿ, ಜ್ವಾಳ, ನವಣಿ ಮೂರೂ ಆಗ್ತಾವೇನು? ನಮ್ಮೂರಾಗ ತ್ರೀಫೇಸ್ ಕರೆಂಟ್ ತಾಸು ಲೆಕ್ಕದಾಗ ಬರ್ತೈತಿ, ಅದಕ್ಕೇನು ಮಾಡೂದು? ಸಬ್ಸಿಡಿ ಏನಾರ ಐತೇನು? ಮಾಡಿ ನೋಡಿದವರು ಹೇಳ್ರಿ.

ಮಾನ್ವಿ ಟ್ರ್ಯಾಕ್ಟರ್

ಬ್ರದರ್, ಇಷ್ಟೆಲ್ಲ ಯಾಕೆ? ಟ್ರ್ಯಾಕ್ಟರ್ ಹಿಂದೆ ಕೂಡಿಸೋ ದೊಡ್ಡ ಫ್ಯಾನ್ ತಗೊಳ್ಳಿ. ನಾವು ಭತ್ತ, ಜೋಳ ಎಲ್ಲ ಅದರ ಮುಂದೇನೆ ತೂರೋದು. ಕರೆಂಟಿನ ಗೋಜಿಲ್ಲ. ಭಾರ ಇದ್ದದ್ದು ಹತ್ರ ಬೀಳುತ್ತೆ, ಹಗುರ ಇದ್ದದ್ದು ದೂರ ಹೋಗುತ್ತೆ. ನಮ್ಮ ಅಜ್ಜನ ಕಾಲದಿಂದ ಇದೇ ನಡೆದುಬಂದದ್ದು.

ಕಾರಟಗಿ ಜರಡಿ

ಮಾನ್ವಿ ತಮ್ಮಾ, ಅಂವ ಹೇಳ್ತಿರೋದೇ ಗಾಳಿಗೆ ಹಾರೂದಿಲ್ಲ ಅಂತ. ಅವನಿಗೆ ಫ್ಯಾನ್ ತೋರಿಸಿದ್ರ ಏನು ಬಂತು? ನಿಮ್ಮ ಭತ್ತದಾಗ ಜೊಳ್ಳು, ಹುಲ್ಲಿನ ತುಣುಕು ಇರ್ತಾವು, ಅದಕ್ಕ ಫ್ಯಾನ್ ಸಾಕು. ಕಡಲಿ ಮಾತು ಬ್ಯಾರೆ.

ಕುಷ್ಟಗಿ ತಮ್ಮಾ, ಮೊದಲು ಅಡ್ವಾನ್ಸ್ ಕೊಡಬ್ಯಾಡ. ನಾನು ಗಂಗಾವತಿ ಕಡೆ ರೈಸ್‌ಮಿಲ್ಲಿನ್ಯಾಗ ಕ್ಲೀನರ್ ಮ್ಯಾಲಿದ್ದವ, ಈಗ ಕಾರಟಗಿ ಹತ್ತಿರ ಸ್ವಂತ ಶೆಡ್ಡಿನ್ಯಾಗ ಬ್ಯಾರೆಯವರ ಮಾಲು ಹಸನ ಮಾಡಿಕೊಡ್ತೀನಿ. ನನ್ನ ಕಡೆ ಬರೋರು ಎಲ್ಲಾರೂ ಮಷಿನ್ ಹೆಸರು ಕೇಳ್ತಾರ. ತಮ್ಮ ಮಾಲಿನೊಳಗ ಏನು ಕಸ ಐತಿ ಅಂತ ನೋಡಿಕೊಂಡು ಬಂದವರು ಕಡಿಮಿ.

ನೀ ಒಂದು ಕೆಲಸ ಮಾಡು. ಒಂದು ಕಿಲೋ ಕಡಲಿ ಬಿಳಿ ಧೋತರದ ಮ್ಯಾಲೆ ಹರವು. ಕಸ ಎಲ್ಲಾ ಆರಿಸಿ ಗುಂಪು ಮಾಡು. ಕಾಳಿಗಿಂತ ದೊಡ್ಡದು ಯಾವುದು (ಬುಡ್ಡಿ ಅಂದ್ರ ಕಾಯಿ, ಕಡ್ಡಿ, ದೊಡ್ಡ ಹೆಂಟಿ), ಸಣ್ಣದು ಯಾವುದು (ಧೂಳು, ನುಚ್ಚು, ಕಳೆ ಬೀಜ), ಊದಿದ್ರ ಹಾರೋದು ಯಾವುದು, ಕಾಳಿನಷ್ಟೇ ಇದ್ದು ಕಾಳಿಗಿಂತ ಭಾರ ಯಾವುದು. ಒಂದೊಂದು ಗುಂಪನ್ನೂ ತೂಕದ ತಕ್ಕಡಿಗೆ ಹಾಕು. ಯಾವ ಗುಂಪು ಭಾರ ಬಂತೋ ಅದಕ್ಕ ದುಡ್ಡು ಹಾಕಬೇಕು. ಉಳಿದದ್ದಕ್ಕ ಮನಿಯಾಗಿನ ಕೇರೋ ಮರ, ಸಾಣಿಗಿ ಸಾಕು.

ಮಷಿನ್ ಮಾಡೋದು ಮೂರ ಕೆಲಸ. ಜರಡಿ ಗಾತ್ರ ನೋಡ್ತೈತಿ. ಅದರಾಗೂ ಗುಂಡು ತೂತಿನ ಜರಡಿ ಕಾಳಿನ ಅಗಲ ನೋಡ್ತೈತಿ, ಉದ್ದ ತೂತಿನದು ದಪ್ಪ ನೋಡ್ತೈತಿ. ಕಡಲಿ ಬ್ಯಾಳಿ ಒಡದಿದ್ರ ಗುಂಡು ತೂತಿನ್ಯಾಗ ಜಾರೂದಿಲ್ಲ, ಯಾಕಂದ್ರ ಅಗಲ ಹಂಗೇ ಇರ್ತೈತಿ, ದಪ್ಪ ಅರ್ಧ ಆಗಿರ್ತೈತಿ. ಉದ್ದ ತೂತಿನ ಜರಡಿ ಹಾಕಿದ್ರ ಸರ್ರ್ ಅಂತ ಇಳಿತೈತಿ. ಗಾಳಿ ಹಗುರ ನೋಡ್ತೈತಿ. ಮೂರನೇದು ಡಿಸ್ಟೋನರ್, ಅದು ಒಂದೇ ಗಾತ್ರದ ಎರಡು ವಸ್ತುವಿನೊಳಗ ಭಾರ ಯಾವುದು ಅಂತ ನೋಡ್ತೈತಿ.

ಡಿಸ್ಟೋನರ್ ಒಳಗ ಏನು ನಡಿತೈತಿ ಅನ್ನೋದು ಗೊತ್ತಿದ್ರ ಡೀಲರ್ ನಿನ್ನ ಮುಂದ ಆಟ ಆಡೂದಿಲ್ಲ. ತಂತಿ ಜಾಲರಿಯ ಒಂದು ಹಾಸು ಇಳಿಜಾರಾಗಿ ಇರ್ತೈತಿ, ಅದು ನಡುಗ್ತಿರ್ತೈತಿ, ಕೆಳಗಿಂದ ಗಾಳಿ ಏಳ್ತಿರ್ತೈತಿ. ಕಾಳು ಆ ಗಾಳಿ ಮ್ಯಾಲೆ ತೇಲಿದಂಗಾಗಿ ಇಳಿಜಾರಿಗೆ ಹರಕೊಂಡು ಹೋಗ್ತೈತಿ. ಕಲ್ಲು ತೇಲೂದಿಲ್ಲ, ಜಾಲರಿಗೆ ಹತ್ತಿ ಕೂತಿರ್ತೈತಿ, ನಡುಕಕ್ಕ ಒಂದೊಂದ ಹೆಜ್ಜಿ ಮ್ಯಾಲೇರಿ ತುದೀಲಿ ಹೊರಗ ಬೀಳ್ತೈತಿ. ಮರದಾಗ ಕೇರುವಾಗ ಅವ್ವ ಒಂದು ಝಾಡಿ ಕೊಟ್ರ ಕಲ್ಲು ಒಂದ ಮೂಲಿಗೆ ಬರ್ತಾವಲ್ಲ, ಹಂಗ.

ಇದರಾಗ ಎರಡು ಮಾತು ತಿಳ್ಕೊ. ಒಂದು, ಹಾಸಿನ ಮ್ಯಾಲೆ ಯಾವಾಗಲೂ ಕಾಳಿನ ಒಂದು ಪದರ ಸಮ ಇರಬೇಕು. ಮ್ಯಾಲಿಂದ ಮಾಲು ಬರೂದು ನಿಂತ್ರ ಹಾಸು ಬೋಳಾಗ್ತೈತಿ, ಗಾಳಿ ಆ ಬೋಳಿನ್ಯಾಗ ನುಗ್ಗಿ ಹೋಗ್ತೈತಿ, ಆಗ ಕಲ್ಲು ಬೀಳೋ ಬಾಯಾಗ ಒಳ್ಳೆ ಕಾಳೂ ಬೀಳ್ತೈತಿ. ಅದಕ್ಕ ಚೀಲ ಸುರಿಯೋ ಹುಡುಗ ಮೊಬೈಲ್ ನೋಡೋದು ಬಿಡಬೇಕು. ಎರಡು, ಹಾಸಿನ ಮ್ಯಾಲೆ ಬರೋ ಮಾಲು ಮೊದಲೇ ಜರಡಿ ಆಗಿ ಒಂದ ಗಾತ್ರದ್ದಾಗಿರಬೇಕು. ದೊಡ್ಡ ಕಡಲಿ ಮತ್ತ ಸಣ್ಣ ಕಲ್ಲು ಕೂಡಿದ್ರ ಮಷಿನ್ನಿಗೆ ಯಾವುದನ್ನ ಭಾರ ಅನ್ನಬೇಕೋ ತಿಳಿಯೂದಿಲ್ಲ. ಮಿಲ್ಲಿನ್ಯಾಗ ಭತ್ತ ಬಂದ ಕೂಡಲೆ ಮೊದಲು ಕ್ಲೀನರ್, ಆಮ್ಯಾಲೆ ಡಿಸ್ಟೋನರ್, ಆಮ್ಯಾಲೆ ಸಿಪ್ಪಿ ಸುಲಿಯೋ ರಬ್ಬರ್ ರೋಲಿನ ಶೆಲ್ಲರ್, ಕಡೀಗೆ ಬಣ್ಣ ನೋಡಿ ಆರಿಸೋ ಕಲರ್ ಸಾರ್ಟರ್ ಅಂತ ಸಾಲು ಹಚ್ಚಿರೋದು ಇದಕ್ಕೇ. ಹಿಂದು ಮುಂದು ಮಾಡಿದ್ರ ಯಾವುದೂ ನೆಟ್ಟಗ ಕೆಲಸ ಮಾಡೂದಿಲ್ಲ.

ಈಗ ನಿನ್ನ ಹೆಂಟಿ. ಡೀಲರ್ ಹರಳು ಹಾಕಿ ತೋರಿಸಿದ್ದು ಯಾಕಂದ್ರ ಹರಳು ಕಾಳಿನ ಎರಡು ಪಟ್ಟು ಭಾರ. ಒಣಗಿದ ಎರಿಮಣ್ಣಿನ ಹೆಂಟಿಯೊಳಗ ಗಾಳಿ ತುಂಬಿದ ಸಂದಿ ಇರ್ತಾವು, ಅದು ಹರಳಿನಷ್ಟು ಭಾರ ಅಲ್ಲ, ಕಾಳಿಗಿಂತ ಸ್ವಲ್ಪ ಭಾರ ಅಷ್ಟ. ಡಿಸ್ಟೋನರ್ ಹೆಂಟಿ ತೆಗಿತೈತಿ, ತೆಗಿಯೂದಿಲ್ಲ ಅಂತಲ್ಲ. ಆದ್ರ ಪೂರ್ತಿ ತೆಗಿಬೇಕಂದ್ರ ಗಾಳಿ, ಇಳಿಜಾರು ಎರಡೂ ಸೂಕ್ಷ್ಮ ಹಿಡಿಬೇಕು, ಮಾಲು ನಿಧಾನ ಬಿಡಬೇಕು. ತಗಡಿನ ಮ್ಯಾಲೆ "ಗಂಟೆಗೆ 1 ಟನ್" ಅಂತ ಬರೆದದ್ದು ಹೆಚ್ಚಾಗಿ ಗೋಧಿ ಲೆಕ್ಕ, ಅದೂ ಸ್ವಚ್ಛ ಗೋಧಿ. ಹೆಂಟಿ ಇದ್ದ ಕಡಲಿಗೆ ಅದರ ಅರ್ಧ ಹಿಡ್ಕೊ.

ಅದಕ್ಕಿಂತ ಮೊದಲು ಹೆಂಟಿ ಚೀಲಕ್ಕ ಬಂದದ್ದು ಎಲ್ಲಿಂದ? ನಿಮ್ಮ ಕಡೆ ಕಡಲಿ ಬೆಳಿಗ್ಗೆ ತಂಪಿನ್ಯಾಗ ಕೀಳ್ತಾರ, ಬುಡ್ಡಿ ಉದುರಬಾರದು ಅಂತ. ಇಬ್ಬನಿಗೆ ಬೇರಿಗೆ ಮಣ್ಣು ಹತ್ಕೊಂಡು ಬರ್ತೈತಿ. ಅದನ್ನ ಹಂಗ ಬಣವಿ ಹಾಕಿ, ಬೇರು ಸಮೇತ ರಾಶಿ ಮಷಿನ್ನಿಗೆ ಕೊಟ್ರ ಒಳಗಿನ ಹಲ್ಲು ಮಣ್ಣನ್ನ ಕಡಲಿ ಗಾತ್ರಕ್ಕ ಒಡದು ಕಳಿಸ್ತೈತಿ. ಕುಡಗೋಲಿಲೆ ಕೊಯ್ದ್ರ ಅರ್ಧ ಹೆಂಟಿ ಹೊಲದಾಗ ಉಳಿತೈತಿ. ಹಾರ್ವೆಸ್ಟರ್ ಬಿಟ್ಟಿದ್ರ ಡ್ರೈವರಿಗೆ ಕಟರ್ ಒಂದು ಬಟ್ಟು ಮ್ಯಾಲೆ ಹಿಡಿ ಅನ್ನಬೇಕು. ಕೆಳಗಿನ ಬುಡ್ಡಿ ಬಿಟ್ಟು ಹೋಗ್ತಾವು ಅಂತ ನೆಲಕ್ಕ ಹತ್ತಿಸಿ ಓಡಿಸಿದ್ರ ಮಣ್ಣು ಕೂಡ ಬರ್ತೈತಿ. ರಾಶಿ ಮಾಡೋ ಜಾಗಕ್ಕ ತಾಡಪಾಲ ಹಾಸು. ರಸ್ತೆ ಮ್ಯಾಲೆ ಒಣಗಿಸಬ್ಯಾಡ. ನಮ್ಮ ಶೆಡ್ಡಿಗೆ ಬರೋ ಮೆಕ್ಕಿಜ್ವಾಳದಾಗ ಡಾಂಬರ್ ಹತ್ತಿದ ಜಲ್ಲಿ ಚೂರು ಸಿಗ್ತಾವು, ಎಲ್ಲಾ ಹೈವೇ ಮಾಲು.

ಇನ್ನೊಂದು ಲೆಕ್ಕ ಹೇಳಿಬಿಡ್ತೀನಿ, ಡೀಲರ್ ಇದನ್ನ ಹೇಳೂದಿಲ್ಲ. 100 ಕ್ವಿಂಟಲ್ ಕಡಲಿ, ಅದರಾಗ 4 ಕ್ವಿಂಟಲ್ ಕಸ ಅಂತ ಹಿಡಿ. ಹಸನ ಮಾಡದ 5,350ಕ್ಕ ಮಾರಿದ್ರ 5,35,000. ಹಸನ ಮಾಡಿ ಉಳಿದ 96 ಕ್ವಿಂಟಲ್ 5,650ಕ್ಕ ಮಾರಿದ್ರ 5,42,400. ಲಾಭ 7,400. ಕ್ವಿಂಟಲ್‌ಗೆ 40 ರೂಪಾಯಿ ಹಸನ ಮಾಡೋ ಖರ್ಚು ಕಳದ್ರ 3,400. ಹಮಾಲಿ, ಬಾಡಿಗಿ ಕಳದ್ರ ಏನುಳಿತೈತಿ ನೀನ ಹೇಳು. ನಿನ್ನ 300 ರೂಪಾಯಿ ಹೋತು ಅನ್ನೋದು ಖರೆ, ಆದ್ರ ಕಸದ ತೂಕಕ್ಕೂ ನೀ ಕಡಲಿ ರೇಟ್ ತಗೊಂಡಿ. ಬರೀ ಮಾರ್ಕೆಟ್ಟಿಗೆ ಮಾರಾಕ ಮಷಿನ್ ಕೊಂಡ್ರ ಸಾಲ ತೀರೂದು ಕಷ್ಟ. ಬಿತ್ತನಿ ಬೀಜ ಮಾರ್ತೀನಿ, ಬ್ಯಾಳಿ ಮಾಡ್ತೀನಿ, ಚೀಲ ಕಟ್ಟಿ ಪ್ಯಾಟಿ ಮನಿಗಳಿಗೆ ಕೊಡ್ತೀನಿ ಅಂದ್ರ ಮಾತು ಬ್ಯಾರೆ.

ಲಿಂಗಸುಗೂರು ನವಣಿ ಸಂಘ

ಕಾರಟಗಿ ಅಣ್ಣಾರು ಹೇಳಿದ್ದು ಬರೋಬ್ಬರಿ ಅದ. ನಮ್ಮ ಹೆಣ್ಮಕ್ಕಳ ಸಂಘದಾಗ ಒಂದು ಸಣ್ಣ ಕ್ಲೀನರ್ ಅದರಿ, ನವಣಿ, ಸಜ್ಜಿ, ಜ್ವಾಳ ಹಸನ ಮಾಡ್ತೀವಿ. ನವಣಿ ಬಗ್ಗೆ ನಾ ಹೇಳ್ತೀನಿ.

ನವಣಿಕಾಳು ಎರಡು ಮಿಲಿಮೀಟರೂ ಇಲ್ರಿ. ಕಡಲಿಗೆ ಹಾಕಿದ ಜರಡ್ಯಾಗ ನವಣಿ ಸುರದ್ರ ಎಲ್ಲಾ ಕೆಳಗ. ಜರಡಿ ಜೋಡಿ ಬ್ಯಾರೆ ಬೇಕು, ಗಾಳಿ ಭಾಳ ಕಡಿಮಿ ಮಾಡಬೇಕು, ಇಲ್ಲಾಂದ್ರ ನವಣಿ ಹೊಟ್ಟಿನ ಕೂಡ ಹೊರಗ ಹೋಗ್ತದ. ಡಿಸ್ಟೋನರ್ ಇದ್ರೂ ಅದರ ಜಾಲರಿ ಸಣ್ಣದು ಬೇಕು. "ಎಲ್ಲಾ ಬೆಳಿಗೂ ನಡಿತದ" ಅಂತ ಡೀಲರ್ ಅಂದ್ರ, ಎಲ್ಲಾ ಬೆಳಿ ಜರಡಿ ಕೂಡ ಕೊಡ್ತೀಯೇನಪಾ, ಬಿಲ್ಲಿನ್ಯಾಗ ಬರಿ ಅಂತ ಕೇಳ್ರಿ. ನಮಗ ಮಷಿನ್ ಕೂಡ ಎರಡ ಜರಡಿ ಬಂದಿದ್ವು, ಉಳಿದವ್ಕ ಬ್ಯಾರೆ ರೊಕ್ಕ ಕೊಟ್ವಿ.

ಧೂಳಿನ ಮಾತು ಯಾರೂ ಎತ್ತಲಿಲ್ಲ. ಮಷಿನ್ ಮುಂದ ನಿಲ್ಲೋದು ಗಂಡಸರಲ್ಲ, ನಾವು. ಚೀಲ ಸುರಿಯೋದು, ಬಾಯಿಗೆ ಕಟ್ಟಿದ ಚೀಲ ಬದಲಿಸೋದು, ಕಸ ಬಳಿಯೋದು ಎಲ್ಲಾ ನಮ್ಮ ಕೆಲಸ. ಸಜ್ಜಿ ಹಸನ ಮಾಡಿದ ದಿನ ಮೈತುಂಬ ತುರಿಕಿ, ಗಂಟಲಾಗ ಕೆರತ. ಗಾಳಿ ಹೊರಗ ಹೋಗೋ ಬಾಯಿಗೆ ಪೈಪ್ ಹಚ್ಚಿ ಗ್ವಾಡಿ ಆಚೆ ಬಿಡ್ರಿ, ಅಲ್ಲೊಂದು ಬಟ್ಟಿ ಚೀಲ ಕಟ್ರಿ. ಶೆಡ್ಡಿನ ಒಳಗ ಬಿಡಬ್ಯಾಡ್ರಿ. ಮುಖಕ್ಕ ವಸ್ತ್ರ ಕಟ್ಟೋದು ಸಾಲಂಗಿಲ್ಲ, ಒಳ್ಳೆ ಮಾಸ್ಕ್ ತರಿಸ್ರಿ. ಮತ್ತ ಬೆಲ್ಟಿಗೆ ತಗಡಿನ ಮುಚ್ಚಳ ಇರ್ಲೇಬೇಕು. ಸೀರಿ ಸೆರಗು ಬೆಲ್ಟಿನ್ಯಾಗ ಸಿಕ್ರ ಆಮ್ಯಾಲೆ ಮಾತಾಡಿ ಏನೂ ಆಗಂಗಿಲ್ಲ. ಹೊಸ ಮಷಿನ್ನಿನ ಮುಚ್ಚಳ ಕ್ಲೀನ್ ಮಾಡೋ ನೆವದಾಗ ಬಿಚ್ಚಿಟ್ಟಿರ್ತಾರ, ಮತ್ತ ಹಾಕಂಗಿಲ್ಲ.

ಒಂದು ಮಾತು ತಮ್ಮಾರ, ಹನ್ನೆರಡು ಮನಿ ಅಂತ ಹೇಳಿದ್ರಿ. ಆ ಮನಿಗಳಾಗ ಇಷ್ಟು ದಿನ ಕಡಲಿ ಕೇರಿ ಕಲ್ಲಾರಿಸಿದವರು ಯಾರು? ಮಷಿನ್ ನಡಸೋದನ್ನ ಅವರಿಗೇ ಕಲಿಸ್ರಿ. ಕಾಳು ಕೈಯಾಗ ಹಿಡದ್ರ ಗಾಳಿ ಹೆಚ್ಚಾತೋ ಕಡಿಮಿ ಆತೋ ಅಂತ ಹೇಳೋರು ಅವರ. ನಮ್ಮಲ್ಲಿ ಮೊದಲು ಒಬ್ಬ ಹುಡುಗನ್ನ ಇಟ್ಟಿದ್ವಿ, ಅಂವ ಬೆಂಗಳೂರಿಗೆ ಹೋದ. ಈಗ ಮೋಟ್ರು ಬಿಟ್ಟು ಉಳಿದದ್ದೆಲ್ಲಾ ನಮ್ಮ ಕೈಯಾಗ ಅದ, ಸುಸೂತ್ರ ನಡದದ.

ರಾಯಚೂರು ಕೃಷಿ ಎಂಜಿನಿಯರಿಂಗ್

ಅಕ್ಕನವರ ಬೆಲ್ಟ್ ಮುಚ್ಚಳದ ಮಾತಿಗೆ ನೂರು ಅಂಕ. ನಾನು ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಓದುತ್ತಿರುವವನು. ಕಾರಟಗಿ ಅಣ್ಣನವರು ಅನುಭವದಿಂದ ಹೇಳಿದ್ದಕ್ಕೆ ಒಂದಿಷ್ಟು ಅಂಕಿ ಸೇರಿಸುತ್ತೇನೆ.

ಮಾನ್ವಿಯವರ ಫ್ಯಾನ್ ಎಲ್ಲಿ ಸೋಲುತ್ತದೆ ಅಂದರೆ, ಹೊಟ್ಟು ಸೆಕೆಂಡಿಗೆ ಎರಡು ಮೂರು ಮೀಟರ್ ವೇಗದ ಗಾಳಿಗೇ ಹಾರುತ್ತದೆ. ಕಡಲೆಕಾಳು ಮೇಲೇಳಬೇಕಾದರೆ ಹತ್ತು ಮೀಟರಿಗಿಂತ ಹೆಚ್ಚು ಬೇಕು. ಈ ಎರಡರ ನಡುವೆ ದೊಡ್ಡ ಅಂತರ ಇರುವುದರಿಂದಲೇ ಹೊಟ್ಟು ಸುಲಭವಾಗಿ ಬೇರೆಯಾಗುತ್ತದೆ. ಹೆಂಟೆ ಮತ್ತು ಕಡಲೆಯ ನಡುವೆ ಆ ಅಂತರ ಇಲ್ಲ.

ಅಂದಹಾಗೆ ಯಂತ್ರದ ಗಾಳಿಯೂ ಹೊಸದಲ್ಲ. ಚೀನಾದಲ್ಲಿ ಹಾನ್ ವಂಶದ ಕಾಲದ ಗೋರಿಗಳಲ್ಲೇ ಕೈಯಿಂದ ತಿರುವುವ ತೂರುವ ಯಂತ್ರದ ಮಣ್ಣಿನ ಮಾದರಿಗಳು ಸಿಕ್ಕಿವೆ. ಸ್ಕಾಟ್ಲೆಂಡಿನ ಜೇಮ್ಸ್ ಮೈಕಲ್ 1710ರಲ್ಲಿ ಹಾಲೆಂಡಿಗೆ ಹೋಗಿ ಗಿರಣಿ ಕೆಲಸ ಕಲಿತು ಬಂದು ತನ್ನ ನಾಡಿನಲ್ಲಿ ಇಂಥ ಫ್ಯಾನ್ ಮಾಡಿದ. ದೇವರು ಬೀಸುವ ಗಾಳಿಗೆ ಕಾಯದೆ ಸೈತಾನನ ಗಾಳಿ ಎಬ್ಬಿಸುತ್ತಾರೆ ಅಂತ ಕೆಲವು ಪಾದ್ರಿಗಳು ಗಲಾಟೆ ಮಾಡಿದರಂತೆ. ನಮ್ಮ ಕಡೆ ಕಣದಲ್ಲಿ ಗಾಳಿಗೆ ಕಾದು ಕೂತವರು ಆ ಫ್ಯಾನ್ ಸಿಕ್ಕಿದ್ದರೆ ಪೂಜೆ ಮಾಡಿ ಕಾಯಿ ಒಡೆಯುತ್ತಿದ್ದರು.

ವಿಷಯಕ್ಕೆ ಬರೋಣ. ಬೆಂಬಲ ಬೆಲೆ ಖರೀದಿಯ ಗುಣಮಟ್ಟದಲ್ಲಿ ಕಡಲೆಗೆ ಮಣ್ಣು, ಕಸ ಇತ್ಯಾದಿ ಹೊರವಸ್ತು 1 ಶೇಕಡಾ ಮೀರಬಾರದು, ತೇವಾಂಶ 14 ಶೇಕಡಾ ಮೀರಬಾರದು. ತೊಗರಿಗೆ ಹೊರವಸ್ತು 2, ತೇವಾಂಶ 12. ನಿಮ್ಮ ಒಂದು ಕಿಲೋ ಕಡಲೆಯಲ್ಲಿ ಕಸ 10 ಗ್ರಾಮ್ ದಾಟಿದರೆ ವಾಪಸ್ ಬರುವುದು ಖಚಿತ. ಹಾಗಾಗಿ ಗಾಡಿ ಕಟ್ಟುವ ಮೊದಲು ಬಿಳಿ ಧೋತರದ ಪರೀಕ್ಷೆ ಮನೆಯಲ್ಲೇ ಮಾಡಿ. ಆಭರಣದ ಅಂಗಡಿಯವರಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು.

ಡೀಲರ್‌ಗಳು ಡಿಸ್ಟೋನರ್ ಮತ್ತು ಗ್ರ್ಯಾವಿಟಿ ಸೆಪರೇಟರ್ ಎರಡನ್ನೂ ಒಂದೇ ಅಂತ ಮಾರುತ್ತಾರೆ. ಡಿಸ್ಟೋನರ್‌ಗೆ ಎರಡೇ ಬಾಯಿ, ಕಲ್ಲು ಮತ್ತು ಕಾಳು. ಗ್ರ್ಯಾವಿಟಿ ಸೆಪರೇಟರ್ ಹಾಸು ಎರಡು ದಿಕ್ಕಿಗೂ ವಾಲಿರುತ್ತದೆ, ಕಾಳನ್ನು ಭಾರದ ಪ್ರಕಾರ ಸಾಲಾಗಿ ಹರಡುತ್ತದೆ, ಹುಳ ತಿಂದದ್ದು, ಮುರುಟಿದ್ದು ಒಂದು ತುದಿ, ಗಟ್ಟಿ ಕಾಳು ಇನ್ನೊಂದು ತುದಿ. ಬಿತ್ತನೆ ಬೀಜದ ಘಟಕಗಳಲ್ಲಿ ಇದೇ ಮುಖ್ಯ. ಹೆಂಟೆಗೆ ಇನ್ನೊಂದು ದಾರಿಯೂ ಇದೆ, ಮಣ್ಣಿನ ಕಬ್ಬಿಣದ ಅಂಶ ಹಿಡಿದೆಳೆಯುವ ಬಲವಾದ ಅಯಸ್ಕಾಂತದ ಯಂತ್ರ. ಆದರೆ ಅದು ದೊಡ್ಡ ಬೇಳೆ ಮಿಲ್ಲುಗಳ ಬಜೆಟ್ಟು.

ಸಬ್ಸಿಡಿ: ಕಿರು ಆಹಾರ ಸಂಸ್ಕರಣೆಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಜೋಡಿಸಿ 35 ಶೇಕಡಾ, ಗರಿಷ್ಠ 10 ಲಕ್ಷ ಸಹಾಯಧನ. ಕರ್ನಾಟಕ ಸರ್ಕಾರ ಅದಕ್ಕೆ 15 ಶೇಕಡಾ ಸೇರಿಸಿ ಒಟ್ಟು 50 ಶೇಕಡಾ, ಗರಿಷ್ಠ 15 ಲಕ್ಷ ಮಾಡಿತು. ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮವಾದ ಕೆಪೆಕ್ ಮೂಲಕ ನಡೆಯುತ್ತದೆ. ಬೇಳೆ, ಹಿಟ್ಟು ಅಂತ ಮುಂದಿನ ಹೆಜ್ಜೆ ಯೋಜನಾ ವರದಿಯಲ್ಲಿದ್ದರೆ ಗಟ್ಟಿ. ಅರ್ಜಿ ಈಗ ತೆರೆದಿದೆಯೇ ಅಂತ ಮೊದಲು ಜಿಲ್ಲಾ ಕೃಷಿ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು, ಕೃಷಿ ಮೂಲಸೌಕರ್ಯ ನಿಧಿ: 2 ಕೋಟಿವರೆಗಿನ ಸಾಲಕ್ಕೆ 7 ವರ್ಷದ ತನಕ 3 ಶೇಕಡಾ ಬಡ್ಡಿ ರಿಯಾಯಿತಿ, ವಿಂಗಡಿಸುವ ಘಟಕಗಳೂ ಅದರೊಳಗೆ ಬರುತ್ತವೆ. ಸಬ್ಸಿಡಿ ಇದೆ ಅಂತ ದೊಡ್ಡ ಮಷಿನ್ ತರಬೇಡಿ ಅನ್ನುವುದು ಮಾತ್ರ ನನ್ನ ಅಭಿಪ್ರಾಯ.

ಎರಿಹೊಲ ಕುಷ್ಟಗಿ

ಎಲ್ಲಾರಿಗೂ ಶರಣ್ರಿ. ಧೋತರದ ಪರೀಕ್ಷೆ ಮಾಡಿದ್ವಿ. ನಮ್ಮ ಮನಿ ಕಡಲಿ ಒಂದು ಕಿಲೋದಾಗ ಕಸ 38 ಗ್ರಾಮ್, ಅದರಾಗ 29 ಗ್ರಾಮ್ ಹೆಂಟಿನ. ಉಳಿದದ್ದು ಒಡಕ ಬುಡ್ಡಿ, ಕಡ್ಡಿ, ಒಂದೀಟು ಧೂಳು. ಮಜಾ ಅಂದ್ರ ನಮ್ಮ ಕಾಕಾನ ಕಡಲಿಯಾಗ ಹೆಂಟಿ ಬರೀ 6 ಗ್ರಾಮ್. ಅವರ ಮನಿಯಾಗ ಬೆಳಿಗ್ಗೆ ಕೀಳಾಕ ಆಳು ಸಿಗದ ಕುಡಗೋಲಿಲೆ ಕೊಯ್ಸಿದ್ರಂತ, ಅದೂ ಬಿಸಲೇರಿದ ಮ್ಯಾಲೆ. ಬುಡ್ಡಿ ಉದುರ್ಯಾವು ಅಂತ ಕಾಕಿ ಇನ್ನೂ ಬೈಯಾಕ್ಹತ್ಯಾಳ.

ಕಾರಟಗಿ ಅಣ್ಣಾರ, ನಿಮ್ಮ ಲೆಕ್ಕ ನೋಡಿ ಮನಿಯಾಗ ಎಲ್ಲಾರೂ ಸುಮ್ಮನಾದ್ರು. ಆದ್ರ ಬಿಳಿಜ್ವಾಳ ನಾವು ಮಾರ್ಕೆಟ್ಟಿಗೆ ಹಾಕೂದಿಲ್ರಿ, ಹುಬ್ಬಳ್ಳಿ, ಬಾಗಲಕೋಟಿ ಕಡೆ ಮನಿ ಮನಿಗೆ ಚೀಲ ಲೆಕ್ಕದಾಗ ಕಳಿಸ್ತೀವಿ. ರೊಟ್ಟಿ ತಿನ್ನೋ ಮಂದಿ ಒಂದು ಹರಳು ಸಿಕ್ರ ಮುಂದಿನ ವರ್ಷ ಫೋನ್ ಎತ್ತೂದಿಲ್ಲ. ಅದಕ್ಕಾದ್ರೂ ಮಷಿನ್ ಬೇಕಲ್ಲ?

ಕಾರಟಗಿ ಜರಡಿ

ಈಗ ಮಾತು ದಾರಿಗೆ ಬಂತು ನೋಡು. ಜ್ವಾಳಕ್ಕ ಬೇಕು. ಮನಿ ಮನಿಗೆ ಕೊಡೋ ಜ್ವಾಳಕ್ಕ ಹಸನ ಮಾಡಿದ ರೊಕ್ಕ ಬರ್ತೈತಿ, ಅಡತಿ ಅಂಗಡ್ಯಾಗ ಕಸದ ಹೆಸರಿಲೆ ಸೂಟು (ಕಡಿತ) ಮುರಿಯೋದೂ ಇಲ್ಲ.

ನಿಮ್ಮ ಕಾಕಾನ 6 ಗ್ರಾಮ್ ಲೆಕ್ಕ ನಿಮ್ಮ ಹನ್ನೆರಡೂ ಮನಿಯವರಿಗೆ ಓದಿ ಹೇಳು. ಕಡಲಿಗೆ ಅಷ್ಟ ಸಾಕು. ಉದುರೋ ಬುಡ್ಡಿ ಲೆಕ್ಕನೂ ಹಿಡಿರಿ, ಕಾಕಿ ಬೈಯೋದರಾಗ ಅರ್ಥ ಐತಿ. ಪೂರ್ತಿ ಬಿಸಲಿಗೆ ಬ್ಯಾಡ, ಇಬ್ಬನಿ ಆರಿದ ಕೂಡಲೆ ಕೊಯ್ಯಬೇಕು. ಅದರ ಮ್ಯಾಲೂ ಹೆಂಟಿ ಉಳಿದ್ರ ಆ ಮಾಲು ಬಾಡಿಗಿ ಡಿಸ್ಟೋನರ್‌ಗೆ ಒಯ್ದು ಹಾಕಿಸ್ರಿ. ವರ್ಷಕ್ಕ ಒಂದು ಸುಗ್ಗಿಗೆ ಅದನ್ನ ಕೊಂಡು ಇಡಬ್ಯಾಡ್ರಿ, ಉಳಿದ ದಿನ ಇಲಿ ಗೂಡು ಕಟ್ತಾವು.

ಜ್ವಾಳಕ್ಕ ಎರಡು ಜರಡಿ, ಒಂದು ಗಾಳಿ ಇರೋ ಸಣ್ಣ ಕ್ಲೀನರ್ ಸಾಕು. ಮ್ಯಾಲಿನ ಜರಡಿ ಕಾಳು ಬಿಟ್ಟು ಕಂಕಿ ತುಣುಕು, ಕಡ್ಡಿ ಹಿಡಿತೈತಿ. ಕೆಳಗಿನದು ನುಚ್ಚು, ಮಣ್ಣು ಇಳಿಸಿ ಕಾಳು ಹಿಡಿತೈತಿ. ಕಡೀಗೆ ಗಾಳಿ. ಬಿಳಿಜ್ವಾಳಕ್ಕ ಕಾಳಿನ ಬುಡಕ್ಕ ಹತ್ಕೊಂಡ ಸಿಪ್ಪಿ ಇರ್ತೈತಲ್ಲ, ಅದು ಜರಡ್ಯಾಗ ಹೋಗೂದಿಲ್ಲ, ಕಾಳು ಚೆನ್ನಾಗಿ ಒಣಗಿರಬೇಕು, ಆಗ ರಾಶಿ ಮಷಿನ್ನಿನ್ಯಾಗ ಉದುರಿ ಗಾಳಿಗೆ ಹಾರ್ತೈತಿ. ಹಸಿ ಜ್ವಾಳ ಹಾಕಿದ್ರ ಯಾವ ಮಷಿನ್ನೂ ಮಾಡೂದಿಲ್ಲ. ಹಲ್ಲಿನ್ಯಾಗ ಕಡದು ನೋಡು, ಕಟ್ ಅನ್ನಬೇಕು. ಹರಳಿನ ಅಂಜಿಕಿ ಇದ್ರ ಜ್ವಾಳ ರಸ್ತೆಗೆ ಹಾಕಬ್ಯಾಡ, ಅಷ್ಟ.

ಇಂಥ ಕ್ಲೀನರ್‌ಗೆ ಒಂದು, ಎರಡು ಹೆಚ್‌ಪಿ ಮೋಟ್ರು ಸಾಕು, ಸಿಂಗಲ್ ಫೇಸಿನ್ಯಾಗ ನಡಿತೈತಿ. ನಿಮ್ಮ ತ್ರೀಫೇಸ್ ಚಿಂತಿ ಅಲ್ಲಿಗೆ ಮುಗೀತು. ಕರೆಂಟ್ ವೋಲ್ಟೇಜ್ ಇಳದಾಗ ಮಾತ್ರ ಓಡಿಸಬ್ಯಾಡ. ಫ್ಯಾನ್ ನಿಧಾನ ಆಗ್ತೈತಿ, ಹೊಟ್ಟು ಕಾಳಿನ ಕೂಡ ಬರ್ತೈತಿ, ಮೋಟ್ರು ಸುಡ್ತೈತಿ.

ಕೊಳ್ಳಾಕ ಹೋದಾಗ ಡೀಲರ್ ಮುಂದ ನಿಮ್ಮ ಜ್ವಾಳ ಎರಡು ಚೀಲ ಸುರಿರಿ, ಕಸ ಸಮೇತ. ಒಳ್ಳೆ ಕಾಳು ಬರೋ ಬಾಯಿ ನೋಡಬ್ಯಾಡ, ಅದು ಯಾವಾಗಲೂ ಚೆಂದ ಇರ್ತೈತಿ. ಕಸ ಬೀಳೋ ಬಾಯಿಗೆ, ಗಾಳಿ ಹೋಗೋ ಬಾಯಿಗೆ ಚೀಲ ಕಟ್ಟು. ಆ ಚೀಲ ಬಿಚ್ಚಿ ಅದರಾಗ ಎಷ್ಟು ಒಳ್ಳೆ ಜ್ವಾಳ ಹೋಗ್ಯಾವು ಅಂತ ತೂಕ ಹಾಕು. ಕ್ವಿಂಟಲ್‌ಗೆ ಒಂದು ಕಿಲೋ ಒಳ್ಳೆ ಕಾಳು ಕಸಕ್ಕ ಹೋದ್ರ ನೀ ಹಸನ ಮಾಡಿ ಗಳಿಸಿದ್ದು ಅಲ್ಲೇ ಹೋತು. ಗಾಳಿ ತಗ್ಗಿಸು, ಜರಡಿ ಬದಲಿಸು ಅನ್ನು, ಮತ್ತ ಓಡಿಸು. ಆ ಚೀಲ ಬಿಚ್ಚಾಕ ಬಿಡೂದಿಲ್ಲ ಅಂದ್ರ ಅಂವನ ಕಡೆ ಕೊಳ್ಳಬ್ಯಾಡ. ಬೇರಿಂಗ್ ನಂಬರ್ ಬರಕೊ, ಗಂಗಾವತಿ, ಸಿಂಧನೂರಾಗ ಸಿಗ್ತಾವೇನು ವಿಚಾರಿಸು.

ಮಷಿನ್ನಿನ ಕಸ ಚೆಲ್ಲಬ್ಯಾಡ. ನುಚ್ಚು ಕೋಳಿಗೆ, ಕಡಲಿ ಹೊಟ್ಟು ಎತ್ತಿಗೆ.

ಲಿಂಗಸುಗೂರು ನವಣಿ ಸಂಘ

ನವಣಿ ಹೆಂಗೂ ಒಂದೀಟೇ ಅದ ಅಂದ್ರಿ, ಅದಕ್ಕಂತ ಬ್ಯಾರೆ ಜರಡಿ ತರಿಸಬ್ಯಾಡ್ರಿ. ನಮ್ಮ ಸಂಘಕ್ಕ ತಗೊಂಡ ಬರ್ರಿ, ಮಾಡಿಕೊಡ್ತೀವಿ. ನಿಮ್ಮ ಮನ್ಯಾಗಿನ ಹೆಣ್ಮಕ್ಕಳೂ ಕೂಡ ಬರ್ಲಿ, ಮಷಿನ್ ನಡಸೋದು ನೋಡ್ಕೊಂಡು ಹೋಗ್ಲಿ. ಬುಧವಾರ ಬಿಟ್ಟು ಯಾವತ್ತಾದ್ರೂ ಬರ್ರಿ, ಅವತ್ತು ನಮ್ಮ ಸಂಘದ ಮೀಟಿಂಗ್ ಇರ್ತದ.